ಬಯಾಲಜಿ ಪೇಪರ್ ಮುಗೀತು, ಈಗ ಯಾರ ಉತ್ತರ ಸರಿ? ಕೀ ಆನ್ಸರ್ ಲೆಕ್ಕ ಅರ್ಥ ಮಾಡ್ಕೊಳ್ಳೋದು ಹೇಗೆ

ಕಾರವಾರದ ಸೆಂಟರ್ ಇರ್ಲಿ, ಶಿರಸಿದ್ದೇ ಇರ್ಲಿ, ಬಯಾಲಜಿ ಪೇಪರ್ ಮುಗಿಸಿ ಮಕ್ಕಳು ಗೇಟಿನ ಹೊರಗೆ ಬಂದದ್ದೇ ತಡ ಶುರು ಆಗ್ತದೆ, "ಆ ಹೃದಯದ ಪ್ರಶ್ನೆಗೆ ಎಂತ ಬರ್ದೆ?" "ಬಿ." "ಅಯ್ಯೋ, ನಾನು ಸಿ ಹಾಕಿದ್ದೆ." ಅಲ್ಲಿಂದ ಬಸ್ ಸ್ಟ್ಯಾಂಡ್ ತನಕ ಅದೇ, ಬಸ್ಸಲ್ಲೂ ಅದೇ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತೋ ಹೊತ್ತಿಗೆ ಒಬ್ಬನ ಮಾರ್ಕು ಹತ್ತು ಸಲ ಏರಿ ಹತ್ತು ಸಲ ಇಳಿದಿರ್ತದೆ. ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ಯಾರೋ ಒಂದು ಕೀ ಆನ್ಸರ್, ಅಂದ್ರೆ ಸರಿ ಉತ್ತರಗಳ ಪಟ್ಟಿ, ಹಾಕ್ತಾರೆ, ಅದಕ್ಕೆ ತಾಳೆ ಆಗದ ಇನ್ನೊಂದನ್ನ ಮತ್ಯಾರೋ ಹಾಕ್ತಾರೆ, ಮನೇಲಿ ಅಪ್ಪ ಅಮ್ಮ "ಹಾಗಾದ್ರೆ ಎಷ್ಟು ಬರ್ತದೆ?" ಅಂತ ಕೇಳಿದ್ರೆ ಮಗು ಸುಮ್ನೆ ಕೂತಿರ್ತದೆ.

ಹಾಗೆ ಸುಮ್ನೆ ಕೂತ ಮಕ್ಕಳನ್ನ ನೋಡಿದಾಗ ಬೇಜಾರಾಗ್ತದೆ, ಯಾಕಂದ್ರೆ ಈ ತಾಳೆ ನೋಡೋ ಕೆಲಸದ ಹಿಂದೆ ಒಂದು ಸರಿಯಾದ ಲೆಕ್ಕ ಇದೆ, ಅದನ್ನ ಯಾರೂ ಕೂರಿಸಿ ಹೇಳಿಕೊಡೋದಿಲ್ಲ. ಅಪ್ಪ ಅಮ್ಮ ಸಿಇಟಿ, ನೀಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದವರಲ್ಲ, ಉತ್ತರಕ್ಕೆ ಗೋಲ ತುಂಬೋ ಒಎಂಆರ್ ಶೀಟ್ ಕಂಡವರೂ ಅಲ್ಲ ಅನ್ನೋ ಮನೆಗಳೇ ನಮ್ಮ ಕಡೆ ಹೆಚ್ಚು. ಹಾಗಾಗಿ ಬುಡದಿಂದಲೇ ಶುರು ಮಾಡ್ತೇನೆ.

ಯಾವ ಪರೀಕ್ಷೆ, ಬಯಾಲಜಿಗೆ ಎಷ್ಟು ಬೆಲೆ

ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳು ಬಯಾಲಜಿ ಬರೆಯೋದು ಮುಖ್ಯವಾಗಿ ಎರಡು ಪ್ರವೇಶ ಪರೀಕ್ಷೆಲಿ. ಒಂದು ಸಿಇಟಿ, ಇದನ್ನ ನಡೆಸೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರೂ ಕೆಇಎ ಅಂತಾರೆ. ಇದರಲ್ಲಿ ಬಯಾಲಜಿಗೆ 60 ಪ್ರಶ್ನೆ, 60 ಮಾರ್ಕು, ತಪ್ಪು ಬರೆದ್ರೆ ಕಳೆಯೋದಿಲ್ಲ. ಅಗ್ರಿ, ಫಾರೆಸ್ಟ್ರಿ, ವೆಟರ್ನರಿ, ಬಿ.ಫಾರ್ಮಾ, ನ್ಯಾಚುರೋಪತಿ ಇವಕ್ಕೆಲ್ಲ ಈ ದಾರಿ. ನಮ್ಮ ಶಿರಸಿಯ ಅರಣ್ಯ ಕಾಲೇಜಿಗೆ, ಅಂದ್ರೆ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿಗೆ, ಹೋಗೋರೂ ಸಿಇಟಿ ಬರೀಲೇಬೇಕು.

ಇನ್ನೊಂದು ನೀಟ್. ಇದು ದೇಶಕ್ಕೆಲ್ಲ ಒಂದೇ, ನಡೆಸೋದು ಎನ್‌ಟಿಎ, ಅಂದ್ರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪತಿಗೆ ಇದೇ ಬೇಕು, ಕಾರವಾರದ ಮೆಡಿಕಲ್ ಕಾಲೇಜಿನ ಸೀಟೂ ಇದರ ಮೇಲೇ. ಒಟ್ಟು 180 ಪ್ರಶ್ನೆ, 720 ಮಾರ್ಕು, ಅದರಲ್ಲಿ 90 ಪ್ರಶ್ನೆ 360 ಮಾರ್ಕು ಬಯಾಲಜಿದೇ, ಅಂದ್ರೆ ಸರಿ ಅರ್ಧ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ, ಬಿಟ್ರೆ ಸೊನ್ನೆ. ಇಬ್ಬರಿಗೆ ಒಂದೇ ಒಟ್ಟು ಬಂದ್ರೆ ಯಾರು ಮುಂದೆ ಅಂತ ನೋಡುವಾಗ ಮೊದಲು ನೋಡೋದೂ ಬಯಾಲಜಿ ಮಾರ್ಕನ್ನೇ. ಮಕ್ಕಳು ಬಯಾಲಜಿಯ ಒಂದೊಂದು ಪ್ರಶ್ನೆಗೂ ಅಷ್ಟು ಹೊಡೆದಾಡೋದು ಸುಮ್ನೆ ಅಲ್ಲ.

ಮೊದಲು, ನೀವು ಎಂತ ಬರೆದಿದ್ದೀರಿ ಅನ್ನೋದೇ ಗಟ್ಟಿ ಆಗ್ಬೇಕು

ಫ್ರೆಂಡ್ ಜೊತೆ ತಾಳೆ ನೋಡೋ ಮುಂಚೆ ನಮ್ಮ ಉತ್ತರ ನಮಗೆ ಖಚಿತ ಗೊತ್ತಿರ್ಬೇಕು. ಇದು ಕೇಳಿದಷ್ಟು ಸುಲಭ ಅಲ್ಲ. 60 ಪ್ರಶ್ನೆಯನ್ನ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸಿ ಬಂದವನಿಗೆ 37ನೇ ಪ್ರಶ್ನೆಗೆ ಯಾವ ಗೋಲ ತುಂಬಿದೆ ಅನ್ನೋದು ಸಂಜೆಗೆ ಮಸುಕಾಗಿರ್ತದೆ. ಅದರ ಮೇಲೆ ನಾಲ್ಕು ಜನ "ಅದು ಬಿ" ಅಂದ್ರೆ ಮನಸ್ಸು ಮೆಲ್ಲ "ಹೌದು, ನಾನೂ ಬಿ ಹಾಕಿದ್ದೆ ಅನ್ಸ್ತದೆ" ಅಂತ ಹೇಳೋಕೆ ಶುರು ಮಾಡ್ತದೆ. ಸುಳ್ಳು ಹೇಳ್ತಾ ಇಲ್ಲ ಅವನು. ನೆನಪು ಹಾಗೇ, ಆಮೇಲೆ ಕೇಳಿದ್ದನ್ನ ಮೊದಲು ಮಾಡಿದ್ದರ ಜೊತೆ ಬೆರೆಸಿಬಿಡ್ತದೆ.

ಇಲ್ಲಿ ಸಿಇಟಿಗೂ ನೀಟ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಒಎಂಆರ್ ಅಂದ್ರೆ ಗೋಲ ತುಂಬೋ ಆ ಹಾಳೆ, ಮಷಿನ್ ಓದುವಂಥದ್ದು. ಸಿಇಟಿಲಿ ಅದು ಎರಡು ಪದರ, ಮೇಲೆ ತುಂಬಿದ್ದು ಕೆಳಗೆ ಮೂಡ್ತದೆ, ಪರೀಕ್ಷೆ ಮುಗಿದ ಮೇಲೆ ಮೇಲಿನದ್ದನ್ನ ಅವರು ಇಟ್ಕೊಂಡು ಕೆಳಗಿನ ಪ್ರತಿಯನ್ನ ನಿಮಗೆ ಕೊಡ್ತಾರೆ. ಅದನ್ನ ಒಂದು ವರ್ಷ ಜೋಪಾನ ಇಟ್ಕೊಳ್ಳಿ ಅಂತ ಪ್ರಶ್ನೆ ಪತ್ರಿಕೆ ಮೇಲೇ ಬರೆದಿರ್ತದೆ. ಎಷ್ಟೋ ಮಕ್ಕಳು ಅದನ್ನ ನಾಲ್ಕು ಮಡಿಕೆ ಮಾಡಿ ಪ್ಯಾಂಟ್ ಕಿಸೆಗೆ ಹಾಕ್ತಾರೆ, ಬೆವರಿಗೆ ಒದ್ದೆಯಾಗಿ ಗೋಲಗಳೇ ಕಾಣದ ಹಾಗೆ ಆಗಿರ್ತದೆ, ನಮ್ಮ ಕರಾವಳಿ ಏಪ್ರಿಲ್ ಸೆಕೆ ಗೊತ್ತಲ್ಲ. ಒಂದು ಪ್ಲಾಸ್ಟಿಕ್ ಫೈಲ್ ಒಯ್ಯಿರಿ, ಮನೆಗೆ ಬಂದು ಮೊದಲು ಫೋಟೋ ತೆಗೆದಿಡಿ.

ನೀಟ್‌ಲಿ ಒಎಂಆರ್ ಪೂರ್ತಿ ವಾಪಸ್ ಕೊಡ್ಬೇಕು, ಪ್ರಶ್ನೆ ಪತ್ರಿಕೆ ಮಾತ್ರ ಮನೆಗೆ. ಪತ್ರಿಕೆಯಲ್ಲಿ ಟಿಕ್ ಹಾಕಿದ್ದು ಒಂದು, ಶೀಟಲ್ಲಿ ತುಂಬಿದ್ದು ಇನ್ನೊಂದು ಆಗಿರೋ ಸಾಧ್ಯತೆ ಯಾವಾಗ್ಲೂ ಇದೆ, ಅದರಲ್ಲೂ ಕೊನೇ ಹತ್ತು ನಿಮಿಷದಲ್ಲಿ ಗಡಿಬಿಡಿ ಮಾಡಿದ್ರೆ. ಸ್ವಲ್ಪ ದಿನ ಆದ್ಮೇಲೆ ಎನ್‌ಟಿಎ ಪ್ರತಿಯೊಬ್ಬರ ಶೀಟನ್ನ ಸ್ಕ್ಯಾನ್ ಮಾಡಿ ವೆಬ್‌ಸೈಟಲ್ಲಿ ಹಾಕ್ತದೆ, ಅಲ್ಲೀ ತನಕ ನೀಟ್‌ನ ಲೆಕ್ಕ ಎಲ್ಲ ಅಂದಾಜೇ.

ವರ್ಷನ್ ಕೋಡ್ ಅಂತ ಒಂದಿದೆ. ಪಕ್ಕದವನನ್ನ ನೋಡಿ ಬರೀಬಾರ್ದು ಅಂತ ಅದೇ ಪ್ರಶ್ನೆಗಳನ್ನ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿ ಹಲವು ಆವೃತ್ತಿ ಮಾಡಿರ್ತಾರೆ. ನಿಮ್ಮ 12 ಅವನ 12 ಅಲ್ಲ. ಗಲಾಟೆಯ ಅರ್ಧ ಪಾಲು ಇಲ್ಲೇ ಹುಟ್ಟೋದು, ಇಬ್ಬರೂ ಸರಿ ಬರೆದಿರ್ತಾರೆ, ನಂಬರ್ ಹಿಡಿದು ಮಾತಾಡಿ ಇಬ್ಬರೂ ತಲೆ ಕೆಡಿಸ್ಕೊಳ್ತಾರೆ. ತಾಳೆ ನೋಡೋದಾದ್ರೆ ಪ್ರಶ್ನೆಯ ಸಾಲು ಓದಿ, ಆಯ್ಕೆಯ ಸಾಲನ್ನೂ ಓದಿ. "ಬಿ ಹಾಕಿದೆ" ಅನ್ನೋ ಬದ್ಲು "ಪಲ್ಮನರಿ ವೇನ್ ಹಾಕಿದೆ" ಅಂತ ಹೇಳಿ.

ಐದು ಜನ ಒಂದೇ ಹೇಳಿದ್ರೆ ಅದೇ ಸರಿಯಾ?

ಆ ಪಲ್ಮನರಿ ವೇನನ್ನೇ ಹಿಡಿಯೋಣ. ಪ್ರಶ್ನೆ ಹೀಗಿದೆ ಅಂತ ಇಟ್ಕೊಳ್ಳಿ: ಇವುಗಳಲ್ಲಿ ಆಮ್ಲಜನಕ ತುಂಬಿದ ರಕ್ತ ಒಯ್ಯೋದು ಯಾವುದು? ಆಯ್ಕೆಯಲ್ಲಿ ಪಲ್ಮನರಿ ಆರ್ಟರಿಯೂ ಇದೆ, ಪಲ್ಮನರಿ ವೇನೂ ಇದೆ. ಹೈಸ್ಕೂಲಿಂದ ಎಲ್ಲರ ತಲೆಯಲ್ಲಿ ಕೂತದ್ದು ಅಪಧಮನಿ ಅಂದ್ರೆ ಶುದ್ಧ ರಕ್ತ, ಅಭಿಧಮನಿ ಅಂದ್ರೆ ಅಶುದ್ಧ ರಕ್ತ ಅಂತ. ಆದ್ರೆ ಆರ್ಟರಿ ಅನ್ನೋದಕ್ಕೆ ನಿಜವಾದ ಅರ್ಥ ಹೃದಯದಿಂದ ಹೊರಗೆ ಹೋಗೋ ನಾಳ, ವೇನ್ ಅಂದ್ರೆ ಹೃದಯಕ್ಕೆ ವಾಪಸ್ ಬರೋ ನಾಳ, ಅಷ್ಟೇ. ಶ್ವಾಸಕೋಶಕ್ಕೆ ಹೋಗೋ ರಕ್ತ ಆಮ್ಲಜನಕ ತುಂಬಿಸ್ಕೊಳ್ಳೋಕೆ ಹೋಗ್ತಾ ಇರೋದು, ಹಾಗಾಗಿ ಪಲ್ಮನರಿ ಆರ್ಟರಿಯಲ್ಲಿ ಆಮ್ಲಜನಕ ಕಮ್ಮಿ, ತುಂಬಿಸ್ಕೊಂಡು ವಾಪಸ್ ಬರೋ ಪಲ್ಮನರಿ ವೇನಲ್ಲಿ ಜಾಸ್ತಿ. ಸರಿ ಉತ್ತರ ವೇನ್. ಆರ್ಟರಿ ಅನ್ನೋದನ್ನ ಪ್ರಶ್ನೆ ಮಾಡಿದವರು ಬೇಕಂತಲೇ ಇಟ್ಟಿರ್ತಾರೆ, ಅರ್ಧ ಓದಿದವರು ಅಲ್ಲಿ ಬೀಳಲಿ ಅಂತ. ಒಳ್ಳೆ ಪ್ರಶ್ನೆ ಪತ್ರಿಕೆಯ ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಇಂಥ ಒಂದು ಅರ್ಧ ಸತ್ಯ ಇರ್ತದೆ.

ಈಗ ಲೆಕ್ಕ ನೋಡಿ. ಒಂದು ಪ್ರಶ್ನೆ ಎರಡು ಆಯ್ಕೆಗೆ ಬಂದು ನಿಂತಿದೆ, ಐದು ಜನ ಫ್ರೆಂಡ್ಸ್ ಇದ್ದಾರೆ, ಒಬ್ಬೊಬ್ಬರಿಗೂ ಸರಿ ಬರೋ ಸಾಧ್ಯತೆ ನೂರಕ್ಕೆ 60, ಒಬ್ಬರನ್ನ ಒಬ್ಬರು ಕೇಳದೆ ಬರೆದಿದ್ದಾರೆ. ಆಗ ಐವರಲ್ಲಿ ಹೆಚ್ಚು ಜನ ಹೇಳಿದ್ದು ಸರಿ ಇರೋ ಸಾಧ್ಯತೆ ಸುಮಾರು ನೂರಕ್ಕೆ 68. ಸ್ವಲ್ಪ ಏರಿತು. ಅದೇ ಪ್ರಶ್ನೆ ಆರ್ಟರಿ ಥರದ ಬಲೆ ಆಗಿದ್ರೆ, ಒಬ್ಬೊಬ್ಬರಿಗೂ ಸರಿ ಬರೋದು ನೂರಕ್ಕೆ 40 ಅಂತಾದ್ರೆ, ಹೆಚ್ಚು ಜನ ಹೇಳಿದ್ದು ಸರಿ ಇರೋ ಸಾಧ್ಯತೆ 32ಕ್ಕೆ ಇಳೀತದೆ. ಅಂದ್ರೆ ಸುಲಭದ ಪ್ರಶ್ನೆಲಿ ಗುಂಪು ನಿಮಗೆ ಸಹಾಯ ಮಾಡ್ತದೆ, ಬಲೆ ಇರೋ ಪ್ರಶ್ನೆಲಿ ಗುಂಪು ಒಬ್ಬನಿಗಿಂತ ಹೆಚ್ಚು ತಪ್ತದೆ. ಮತ್ತೆ ಜನ ಜಗಳ ಆಡೋದು ಸುಲಭದ ಪ್ರಶ್ನೆಗೆ ಅಲ್ವಲ್ಲ, ಬಲೆ ಇರೋದಕ್ಕೇ.

ಅದೂ ಐವರು ಬೇರೆ ಬೇರೆ ಕಡೆ ಓದಿದ್ರೆ ಈ ಲೆಕ್ಕ. ನಮ್ಮಲ್ಲಿ ಐವರೂ ಒಂದೇ ಕಾಲೇಜು, ಒಂದೇ ಟ್ಯೂಷನ್, ಒಂದೇ ನೋಟ್ಸಿನ ಜೆರಾಕ್ಸ್. ನೋಟ್ಸಲ್ಲಿ ಒಂದು ತಪ್ಪಿದ್ರೆ ಐವರಲ್ಲೂ ಅದೇ ತಪ್ಪು. ಆಗ ಐದು ಉತ್ತರ ಇದ್ದ ಹಾಗೆ ಕಂಡ್ರೂ ಇರೋದು ಒಂದೇ ಉತ್ತರ. ಅಂಕೋಲಾದ ಹುಡುಗಿ ಹೇಳಿದ್ದಕ್ಕೂ ಯಲ್ಲಾಪುರದ ಹುಡುಗ ಹೇಳಿದ್ದಕ್ಕೂ ತಾಳೆ ಬಂದ್ರೆ ಅದಕ್ಕೆ ಸ್ವಲ್ಪ ಹೆಚ್ಚು ತೂಕ ಕೊಡ್ಬಹುದು.

ಅಸರ್ಷನ್-ರೀಸನ್ ಪ್ರಶ್ನೆಲಿ ಯಾಕೆ ಎಲ್ಲರೂ ಬೇರೆ ಬೇರೆ

ಎರಡು ಹೇಳಿಕೆ ಕೊಟ್ಟಿರ್ತಾರೆ. ಎರಡೂ ಸರಿಯಾ, ಸರಿ ಆಗಿದ್ರೆ ಎರಡನೇದು ಮೊದಲನೇದಕ್ಕೆ ಕಾರಣವಾ ಅಂತ ಕೇಳ್ತಾರೆ. ಉದಾಹರಣೆಗೆ: ಮನುಷ್ಯನ ಬೆಳೆದ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ. ಕಾರಣ: ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ ಇದೆ. ಎರಡೂ ಸತ್ಯ. ಆದ್ರೆ ಹಿಮೋಗ್ಲೋಬಿನ್ ಇದೆ ಅನ್ನೋ ಕಾರಣಕ್ಕೆ ನ್ಯೂಕ್ಲಿಯಸ್ ಇಲ್ಲ ಅನ್ನೋಕಾಗ್ತದಾ? ಹಕ್ಕಿಯ ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ನೂ ಇದೆ, ನ್ಯೂಕ್ಲಿಯಸ್ಸೂ ಇದೆ. ಹಾಗಾಗಿ ಎರಡೂ ಸರಿ, ಆದರೆ ಕಾರಣ ಅಲ್ಲ. ಇಂಥದ್ದನ್ನ ತಾಳೆ ನೋಡುವಾಗ ಮೂರು ಭಾಗ ಬೇರೆ ಬೇರೆ ಮಾಡಿ ಕೇಳ್ಕೊಳ್ಳಿ: ಮೊದಲನೇದು ನಿಜವಾ, ಎರಡನೇದು ನಿಜವಾ, ನಡುವೆ "ಯಾಕಂದ್ರೆ" ಅಂತ ಹಾಕಿ ಓದಿದ್ರೆ ನಿಲ್ತದಾ. ಜಗಳ ಯಾವಾಗ್ಲೂ ಮೂರನೇದ್ರಲ್ಲೇ ಇರ್ತದೆ.

ಕೋಚಿಂಗ್ ಕೀ, ತಾತ್ಕಾಲಿಕ ಕೀ, ಅಂತಿಮ ಕೀ

ಕೀ ಆನ್ಸರಲ್ಲಿ ಮೂರು ಥರ ಇದೆ, ಮೂರಕ್ಕೂ ಬೆಲೆ ಬೇರೆ.

ಪರೀಕ್ಷೆ ದಿನ ಸಂಜೆಗೇ ಓಡಾಡೋದು ಕೋಚಿಂಗ್ ಸೆಂಟರ್‌ಗಳು ಮಾಡಿದ್ದು. ಅಲ್ಲಿಯ ಲೆಕ್ಚರರ್‌ಗಳು ಪತ್ರಿಕೆ ಕೈಗೆ ಸಿಕ್ಕ ಕೂಡ್ಲೆ ಕೂತು ಬಿಡಿಸ್ತಾರೆ, ಎಲ್ಲರಿಗಿಂತ ಮೊದಲು ಹಾಕ್ಬೇಕು ಅನ್ನೋ ಅವಸರವೂ ಇರ್ತದೆ. ಬಹುಪಾಲು ಸರಿನೇ ಇರ್ತದೆ, ಆದ್ರೆ ಬೇಕಾದ್ದೇ ಆ ಉಳಿದ ಒಂದೆರಡು ಪ್ರಶ್ನೆ, ಅಲ್ಲೇ ಇವರ ಕೀಗೂ ಅವರ ಕೀಗೂ ತಾಳೆ ಆಗೋದಿಲ್ಲ. ಇದಕ್ಕೆ ಅಧಿಕೃತ ಬೆಲೆ ಏನೂ ಇಲ್ಲ.

ಎರಡನೇದು ಪ್ರಾಧಿಕಾರ ತಾನೇ ಹಾಕೋ ತಾತ್ಕಾಲಿಕ ಕೀ. ಹೆಸರೇ ಹೇಳೋ ಹಾಗೆ ಇದು ಕೊನೇ ಮಾತಲ್ಲ. "ಇದು ನಾವು ಸರಿ ಅಂದ್ಕೊಂಡದ್ದು, ತಪ್ಪಿದೆ ಅನಿಸಿದ್ರೆ ಆಧಾರ ಸಮೇತ ಹೇಳಿ" ಅಂತ ಕೆಲವು ದಿನ ಅವಕಾಶ ಕೊಡ್ತಾರೆ. ಕೆಇಎ ಕೀ ವರ್ಷನ್ ಕೋಡ್ ಪ್ರಕಾರ ಇರ್ತದೆ, ಆಕ್ಷೇಪಣೆಯನ್ನ ಆನ್‌ಲೈನಲ್ಲೇ ಹಾಕ್ಬೇಕು, ವರ್ಷನ್ ಕೋಡು, ಪ್ರಶ್ನೆ ನಂಬರು, ಯಾಕೆ ತಪ್ಪು ಅನ್ನೋ ಸಮರ್ಥನೆ ಮೂರೂ ಬೇಕು. ನೀಟ್‌ಗೆ ಎನ್‌ಟಿಎ ಒಂದೊಂದು ಪ್ರಶ್ನೆಗೆ 200 ರೂಪಾಯಿ ಶುಲ್ಕ ಇಟ್ಟಿದೆ, ಅದು ವಾಪಸ್ ಬರೋದಿಲ್ಲ. ಮಷಿನ್ ನಿಮ್ಮ ಗೋಲ ತಪ್ಪು ಓದಿದೆ ಅಂತ ಅನಿಸಿದ್ರೆ ಅದಕ್ಕೂ ಹಾಗೇ ಶುಲ್ಕ ಕಟ್ಟಿ ಹೇಳ್ಬಹುದು.

ಬಂದ ಆಕ್ಷೇಪಣೆಗಳನ್ನ ವಿಷಯ ತಜ್ಞರ ಸಮಿತಿ ಕೂತು ನೋಡ್ತದೆ. ಒಪ್ಪಿದ್ರೆ ಕೀ ತಿದ್ದುತ್ತಾರೆ, ಆಗ ಆಕ್ಷೇಪಣೆ ಹಾಕಿದವರಿಗೆ ಮಾತ್ರ ಅಲ್ಲ, ಎಲ್ಲರ ಶೀಟಿಗೂ ಹೊಸ ಕೀಯೇ ಲಾಗು. ಎಷ್ಟು ಜನ ಆಕ್ಷೇಪಣೆ ಹಾಕಿದ್ರು ಅನ್ನೋದು ಇಲ್ಲಿ ಓಟಿನ ಹಾಗೆ ಎಣಿಕೆ ಆಗೋದಿಲ್ಲ, ಒಬ್ಬ ಹುಡುಗಿ ಪುಸ್ತಕದ ಸರಿಯಾದ ಪುಟ ಹಾಕಿದ್ರೆ ಅದೇ ಸಾಕು. ಆಮೇಲೆ ಬರೋದು ಅಂತಿಮ ಕೀ. ರಿಸಲ್ಟ್ ಅದರ ಮೇಲೆ.

ಪುಸ್ತಕ ಒಂದು ಹೇಳ್ತದೆ, ಕಾಳಿ ನದಿ ದಂಡೆ ಇನ್ನೊಂದು

ಯಾವ ಆಧಾರ ನಡೀತದೆ ಅನ್ನೋದಕ್ಕೆ ನಮ್ಮ ಊರಿನದ್ದೇ ಒಂದು ಉದಾಹರಣೆ ಕೊಡ್ತೇನೆ, ಇದು ನನಗೆ ಬಹಳ ಮುಖ್ಯ ಅನಿಸಿದ್ದು.

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರೋ ಕಡೆ ಕಾಂಡ್ಲಾ ಕಾಡು ಇದೆ, ಮ್ಯಾಂಗ್ರೋವ್. ಇಳಿತದ ಹೊತ್ತಿಗೆ ಹೋಗಿ ಬುಡ ನೋಡಿ. ರೈಜೋಫೊರಾ ಅನ್ನೋ ಮರಕ್ಕೆ ಕಾಂಡದಿಂದಲೇ ಬೇರು ಹೊರಟು ಬಿಲ್ಲಿನಂತೆ ಬಾಗಿ ಕೆಸರಿಗೆ ಇಳಿದಿರ್ತದೆ, ಮರ ಆ ಬೇರುಗಳ ಮೇಲೇ ನಿಂತಿರ್ತದೆ. ಅದರದ್ದೇ ಕೊಂಬೆಲಿ ಬೀಜ ಮರದ ಮೇಲಿರುವಾಗಲೇ ಮೊಳಕೆ ಬಂದು ಉದ್ದಕ್ಕೆ ನೇತಾಡ್ತಾ ಇರೋದೂ ಕಾಣ್ತದೆ. ಅಲ್ಲೇ ಪಕ್ಕದಲ್ಲಿ ಅವಿಸೆನಿಯಾ ಅನ್ನೋ ಇನ್ನೊಂದು ಜಾತಿ, ಅದಕ್ಕೆ ಆ ಬಾಗಿದ ಬೇರಿಲ್ಲ. ಬದಲಿಗೆ ಸುತ್ತಲಿನ ಕೆಸರಿಂದ ಗೇಣುದ್ದದ ತೆಳ್ಳಗಿನ ಬೇರಿನ ತುದಿಗಳು ನೇರ ಮೇಲಕ್ಕೆ ಎದ್ದಿರ್ತವೆ, ಮುಟ್ಟಿ ನೋಡಿದ್ರೆ ಮೇಲೆಲ್ಲ ಸಣ್ಣ ಸಣ್ಣ ರಂಧ್ರದ ಗುರುತು. ಕೆಸರಲ್ಲಿ ಗಾಳಿ ಇರೋದಿಲ್ಲ, ಹಾಗಾಗಿ ಬೇರು ಉಸಿರಾಡೋಕೆ ಮೇಲೆ ಬರ್ತದೆ. ಇದಕ್ಕೆ ನ್ಯೂಮಟೋಫೋರ್, ಉಸಿರಾಟದ ಬೇರು ಅಂತ ಹೆಸರು.

ಆದ್ರೆ ವರ್ಷಗಟ್ಟಲೆ ಮಕ್ಕಳು ಓದಿದ, ಎನ್‌ಸಿಇಆರ್‌ಟಿ ಅನ್ನೋ ಕೇಂದ್ರದ ಸಂಸ್ಥೆ ತಂದ ಹನ್ನೊಂದನೇ ಕ್ಲಾಸಿನ ಪುಸ್ತಕದಲ್ಲಿ ನ್ಯೂಮಟೋಫೋರ್‌ಗೆ ಕೊಟ್ಟ ಉದಾಹರಣೆ ರೈಜೋಫೊರಾ. ಈಗ ಆಯ್ಕೆಯಲ್ಲಿ ರೈಜೋಫೊರಾ ಇದ್ದು, ಅವಿಸೆನಿಯಾ ಇಲ್ಲದೇ ಇದ್ದು, ಉಳಿದ ಮೂರು ಕ್ಯಾರೆಟ್ಟು ಆಲದ ಮರ ಥರದವು ಆಗಿದ್ರೆ ಪುಸ್ತಕ ಓದಿದವನು ಸೆಕೆಂಡಲ್ಲಿ ಗೋಲ ತುಂಬಿ ಮುಂದೆ ಹೋಗ್ತಾನೆ. ಕಾಂಡ್ಲಾ ಬೇರನ್ನ ಕಣ್ಣಾರೆ ಕಂಡ ಕಾರವಾರ ಬೈತಖೋಲದ ಹುಡುಗ ಅಲ್ಲಿ ತಡವರಿಸ್ತಾನೆ. ಅವನು ಕಂಡದ್ದು ನಿಜ, ಸಸ್ಯಶಾಸ್ತ್ರವೂ ಅವನ ಪರವೇ ಇದೆ, ಆದ್ರೆ ಮಾರ್ಕು ಪುಸ್ತಕದ ಸಾಲಿಗೆ. ಎರಡೂ ಹೆಸರು ಆಯ್ಕೆಯಲ್ಲಿ ಬಂದ್ರೆ ಮಾತ್ರ ನಿಜವಾದ ವಿವಾದ ಹುಟ್ತದೆ, ಆಗ ಆಕ್ಷೇಪಣೆಗೆ ಪುಸ್ತಕದ ಪುಟ, ವಿಶ್ವವಿದ್ಯಾಲಯ ಮಟ್ಟದ ಪಠ್ಯದ ಪುಟ ಇಂಥ ಆಧಾರ ಲಗತ್ತಿಸಿ ಸಮಿತಿಗೆ ಒಪ್ಪಿಸ್ಬೇಕು. ನದಿಯ ಫೋಟೋ ಹಾಕಿದ್ರೆ ಸಾಲೋದಿಲ್ಲ.

ಅದಕ್ಕೇ ಮಕ್ಕಳಿಗೆ ಹೇಳೋದು, ಕಣ್ಣಲ್ಲಿ ಕಂಡದ್ದನ್ನ ಬಿಡಬೇಡಿ, ಅದು ನಿಮ್ಮ ನಿಜವಾದ ಬಯಾಲಜಿ. ಪರೀಕ್ಷೆಗೆ ಮಾತ್ರ ಪುಸ್ತಕ ಏನು ಹೇಳ್ತದೆ ಅನ್ನೋದನ್ನ ಪಕ್ಕದಲ್ಲಿ ಇಟ್ಕೊಂಡಿರಿ. ಕನ್ನಡದಲ್ಲಿ ನೀಟ್ ಬರೆಯೋರಿಗೆ ಇನ್ನೊಂದು ಮಾತು: ಅನುವಾದದಲ್ಲಿ ಗೊಂದಲ ಆದ್ರೆ ಇಂಗ್ಲಿಷಲ್ಲಿ ಇರೋ ಪ್ರಶ್ನೆಯೇ ಅಂತಿಮ ಅನ್ನೋದು ನಿಯಮ, ಹಾಗಾಗಿ ಅನುಮಾನ ಬಂದ ಸಾಲನ್ನ ಎರಡೂ ಭಾಷೆಲಿ ಓದಿ.

ಪ್ರಶ್ನೆಯನ್ನೇ ತೆಗೆದ್ರೆ ಯಾರಿಗೆ ಲಾಭ?

"ಆ ಪ್ರಶ್ನೆ ತಪ್ಪಂತೆ, ಎಲ್ಲರಿಗೂ ಮಾರ್ಕಂತೆ" ಅಂತ ಕೇಳಿದ ಕೂಡ್ಲೆ ಮಕ್ಕಳಿಗೆ ಖುಷಿ. ಭರತ ಬಂದ್ರೆ ಬಂದರಿನಲ್ಲಿ ಕಟ್ಟಿದ ದೋಣಿ ಎಲ್ಲ ಒಟ್ಟಿಗೆ ಮೇಲೆ ಏರ್ತವಲ್ಲ, ಹಾಗೇ ಇದೂ ಅಂತ ಅಂದ್ಕೊಳ್ತಾರೆ. ಆದ್ರೆ ಇಲ್ಲಿ ಹಾಗಾಗೋದಿಲ್ಲ. ಎಲ್ಲರಿಗೂ ಒಂದು ಮಾರ್ಕ್ ಕೊಟ್ಟಾಗ ಆ ಮಾರ್ಕು ಮೊದಲೇ ಬಂದಿದ್ದವನು ಇದ್ದಲ್ಲೇ ಇರ್ತಾನೆ, ಬಾರದವನು ಮಾತ್ರ ಏರ್ತಾನೆ, ಇಬ್ಬರ ನಡುವಿನ ಅಂತರ ಮುಚ್ಚಿ ಹೋಗ್ತದೆ. ಪ್ರಶ್ನೆಯನ್ನ ಲೆಕ್ಕದಿಂದಲೇ ಬಿಟ್ರೆ ಅದಕ್ಕೆ ಸರಿ ಬರೆದವನ ಶ್ರಮ ಹೋಗ್ತದೆ.

2024ರ ಸಿಇಟಿಲಿ ಇದು ದೊಡ್ಡ ಮಟ್ಟದಲ್ಲಿ ಆಯ್ತು. ಎನ್‌ಸಿಇಆರ್‌ಟಿ ಪುಸ್ತಕದಿಂದ ಕೆಲವು ಪಾಠ ತೆಗೆದು ಹಾಕಿದ್ರು. ಬಯಾಲಜಿಯಲ್ಲಿ ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆ, ಜೀರ್ಣಕ್ರಿಯೆ, ಪರಿಸರ ಸಮಸ್ಯೆಗಳು ಇಂಥ ಅಧ್ಯಾಯಗಳೇ ಹೋಗಿದ್ವು. ಪರೀಕ್ಷೆಯಲ್ಲಿ ನೋಡಿದ್ರೆ ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದಿದ್ವು. ರಾಜ್ಯದಾದ್ಯಂತ ಮಕ್ಕಳು, ಪಾಲಕರು ದನಿ ಎತ್ತಿದ ಮೇಲೆ ತಜ್ಞರ ಸಮಿತಿ ನೋಡಿ, ಒಟ್ಟು 50 ಪ್ರಶ್ನೆಯನ್ನ ಮೌಲ್ಯಮಾಪನದಿಂದ ಕೈಬಿಟ್ರು: ಫಿಸಿಕ್ಸ್ 9, ಕೆಮಿಸ್ಟ್ರಿ 15, ಮ್ಯಾಥ್ಸ್ 15, ಬಯಾಲಜಿ 11. ಬಯಾಲಜಿಲಿ ಉಳಿದದ್ದು 49.

ಇದರ ಪರಿಣಾಮ ನೋಡೋಕೆ ಇಬ್ಬರನ್ನ ಕಲ್ಪಿಸ್ಕೊಳ್ಳಿ, ಇಬ್ಬರಿಗೂ 60ರಲ್ಲಿ 42 ಸರಿ, ಅಂದ್ರೆ ಶೇಕಡಾ 70. ಒಬ್ಬಳು ಹಳೇ ಪುಸ್ತಕವನ್ನೂ ಓದಿ ಕೈಬಿಟ್ಟ 11ರಲ್ಲಿ 9 ಸರಿ ಮಾಡಿದ್ಲು, ಅವಳಿಗೆ ಉಳಿಯೋದು 49ರಲ್ಲಿ 33, ಸುಮಾರು 67. ಇನ್ನೊಬ್ಬ ಆ 11ರಲ್ಲಿ 3 ಮಾತ್ರ ಸರಿ ಮಾಡಿದ್ದ, ಅವನಿಗೆ 49ರಲ್ಲಿ 39, ಸುಮಾರು 80. ನಿನ್ನೆ ತನಕ ಸಮ ಇದ್ದವರ ನಡುವೆ ಈಗ 12 ಶೇಕಡಾಕ್ಕೂ ಹೆಚ್ಚು ಅಂತರ. ಸಿಲಬಸ್‌ನಲ್ಲಿ ಇಲ್ಲದ್ದನ್ನ ಕೇಳಿದ್ದೇ ತಪ್ಪು, ಕೈಬಿಟ್ಟದ್ದು ಸರಿಯೇ, ಆದ್ರೆ ಆ ಹುಡುಗಿಯ ಸಂಕಟವೂ ನಿಜ.

ಅದೇ ವರ್ಷ ನೀಟ್‌ಲಿ ಒಂದೇ ಒಂದು ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯ್ತು. ಅದು ಬಯಾಲಜಿದಲ್ಲ, ಫಿಸಿಕ್ಸಿನ ಪರಮಾಣುವಿನ ಪ್ರಶ್ನೆ, ಆದ್ರೆ ಕೀ ಎಷ್ಟು ಮುಖ್ಯ ಅನ್ನೋದು ಅದರಿಂದ ಚೆನ್ನಾಗಿ ಗೊತ್ತಾಗ್ತದೆ. ಹಳೇ ಎನ್‌ಸಿಇಆರ್‌ಟಿ ಪ್ರಕಾರ ಒಂದು ಉತ್ತರ, ಹೊಸದರ ಪ್ರಕಾರ ಇನ್ನೊಂದು. ಎನ್‌ಟಿಎ ಎರಡಕ್ಕೂ ಮಾರ್ಕ್ ಕೊಟ್ಟಿತ್ತು. ಕೋರ್ಟ್ ಐಐಟಿ ದೆಹಲಿಯ ತಜ್ಞರನ್ನ ಕೇಳ್ತು, ಅವರು ಒಂದೇ ಸರಿ ಅಂದ್ರು. ಹಳೇ ಪುಸ್ತಕ ನಂಬಿ ಬರೆದವರಿಗೆ ಬಂದಿದ್ದ 4 ಹೋಗಿ ಮೇಲಿಂದ 1 ಕಡಿತ, ಒಟ್ಟು 5 ಮಾರ್ಕ್ ಇಳೀತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹೀಗಾಯ್ತು. ಮೊದಲು 720ಕ್ಕೆ 720 ತೆಗೆದವರು 67 ಜನ ಇದ್ರು. ಸಮಯ ಕಡಿಮೆ ಸಿಕ್ತು ಅಂತ ಕೆಲವರಿಗೆ ಕೊಟ್ಟ ಗ್ರೇಸ್ ಮಾರ್ಕ್ ರದ್ದಾದ ಮೇಲೆ 61 ಉಳಿದ್ರು. ಜುಲೈ ಕೊನೆಗೆ ಈ ಪ್ರಶ್ನೆ ತಿದ್ದಿದ ಮೇಲೆ 17 ಮಾತ್ರ.

ಗೊತ್ತಿಲ್ಲದ್ದಕ್ಕೆ ಗೋಲ ತುಂಬಿದ್ದು ಸರಿ ಆಯ್ತಾ

ತಾಳೆ ನೋಡುವಾಗ ಈ ಮಾತು ಬಂದೇ ಬರ್ತದೆ, "ಛೆ, ಬಿಟ್ಟುಬಿಡ್ಬೇಕಿತ್ತು." ಸಿಇಟಿಲಿ ಬಿಡೋ ಪ್ರಶ್ನೆಯೇ ಇಲ್ಲ, ಕಡಿತ ಇಲ್ವಲ್ಲ. 12 ಪ್ರಶ್ನೆ ಏನೂ ಗೊತ್ತಿಲ್ಲದೆ ತುಂಬಿದ್ರೂ ಸರಾಸರಿ 3 ಸಿಗ್ತದೆ.

ನೀಟ್‌ಲಿ ಸ್ವಲ್ಪ ಯೋಚಿಸ್ಬೇಕು. ಪೂರ್ತಿ ಕುರುಡಾಗಿ ತುಂಬಿದ್ರೆ ನಾಲ್ಕರಲ್ಲಿ ಒಂದು ಸಲ 4 ಬರ್ತದೆ, ಮೂರು ಸಲ 1 ಹೋಗ್ತದೆ, ಅಂದ್ರೆ ಪ್ರಶ್ನೆಗೆ ಸರಾಸರಿ ಕಾಲು ಮಾರ್ಕ್ ಲಾಭ, ಆದ್ರೆ ಏರಿಳಿತ ಜಾಸ್ತಿ. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ರೆ ಸರಾಸರಿ 0.67. ಎರಡನ್ನ ತೆಗೆದು ಎರಡರ ನಡುವೆ ನಿಂತಿದ್ರೆ ಒಂದೂವರೆ. ಹಾಗಾಗಿ ಎರಡರ ನಡುವೆ ನಿಂತು ಒಂದನ್ನ ತುಂಬಿ ಅದು ತಪ್ಪಾದ್ರೆ ತೀರ್ಮಾನ ತಪ್ಪು ಅಂತ ಅಲ್ಲ, ಫಲಿತಾಂಶ ಆ ಸಲ ನಿಮ್ಮ ಕಡೆ ಬರ್ಲಿಲ್ಲ ಅಷ್ಟೇ.

"ಮೊದಲು ಹೊಳೆದದ್ದೇ ಸರಿ ಇತ್ತು, ಬದಲಿಸಿ ಹಾಳು ಮಾಡ್ಕೊಂಡೆ" ಅನ್ನೋದು ಇನ್ನೊಂದು ಸಾಮಾನ್ಯ ಮಾತು. ಉತ್ತರ ಬದಲಿಸಿದವರ ಹಾಳೆಗಳನ್ನ ಅಧ್ಯಯನ ಮಾಡಿದವರು ಕಂಡದ್ದು ಉಲ್ಟಾ, ಬದಲಿಸಿದಾಗ ತಪ್ಪಿಂದ ಸರಿಗೆ ಹೋದದ್ದೇ ಹೆಚ್ಚು. ಸರಿ ಇದ್ದದ್ದನ್ನ ಬದಲಿಸಿ ತಪ್ಪಾದದ್ದು ಹೆಚ್ಚು ಉರೀತದೆ, ಅದೇ ನೆನಪಲ್ಲಿ ಉಳೀತದೆ.

ಮಾರ್ಕ್ ಗೊತ್ತಾಯ್ತು, ರ‍್ಯಾಂಕ್ ಯಾಕೆ ಗೊತ್ತಾಗೋದಿಲ್ಲ

ಇಷ್ಟೆಲ್ಲ ತಾಳೆ ನೋಡಿ ಸಿಗೋದು ನಿಮ್ಮ ಮಾರ್ಕ್ ಒಂದೇ. ಸೀಟು ಸಿಗೋದು ರ‍್ಯಾಂಕಿಗೆ, ಅದು ಬೇರೆಯವರು ಎಂತ ಬರೆದಿದ್ದಾರೆ ಅನ್ನೋದ್ರ ಮೇಲೆ.

ನೀಟ್ ರಿಸಲ್ಟಲ್ಲಿ ಪರ್ಸೆಂಟೈಲ್ ಅಂತ ಬರ್ತದೆ, ಅದು ಶೇಕಡಾ ಅಂಕ ಅಲ್ಲ. 99 ಪರ್ಸೆಂಟೈಲ್ ಅಂದ್ರೆ ನೂರರಲ್ಲಿ 99 ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ತೆಗೆದಿದ್ದಾರೆ ಅಂತ. ಕೇಳೋಕೆ ಭಾರೀ ಅನಿಸ್ತದೆ, ಆದ್ರೆ 22 ಲಕ್ಷ ಜನ ಬರೆದ ಪರೀಕ್ಷೆಲಿ ಉಳಿದ ಒಂದು ಪರ್ಸೆಂಟ್ ಅಂದ್ರೂ 22 ಸಾವಿರ ಜನ ಮುಂದಿದ್ದಾರೆ. ಸಾಮಾನ್ಯ ವರ್ಗಕ್ಕೆ ಅರ್ಹತೆ 50ನೇ ಪರ್ಸೆಂಟೈಲ್, ಎಸ್‌ಸಿ, ಎಸ್‌ಟಿ, ಒಬಿಸಿಗೆ 40. ಅರ್ಹತೆ ಬಂತು ಅಂದ್ರೆ ಕೌನ್ಸೆಲಿಂಗ್‌ಗೆ, ಅಂದ್ರೆ ಸೀಟು ಹಂಚೋ ಕಡೆಗೆ, ಹೋಗ್ಬಹುದು ಅಂತ, ಸೀಟು ಬಂತು ಅಂತ ಅಲ್ಲ. ಈ ಎರಡನ್ನ ಒಂದೇ ಅಂದ್ಕೊಂಡು ಸಿಹಿ ಹಂಚಿದ ಮನೆಗಳಿವೆ, ಆಮೇಲೆ ಆ ಮಕ್ಕಳು ಪಡೋ ಕಷ್ಟ ಬೇಡ.

ಹೋದ ವರ್ಷ ಇಷ್ಟಕ್ಕೆ ಸೀಟು ಸಿಕ್ಕಿತ್ತು ಅನ್ನೋ ಲೆಕ್ಕವೂ ಹುಷಾರಾಗಿ ಹಿಡೀಬೇಕು. 2024ರಲ್ಲಿ ಪೂರ್ತಿ 720 ತೆಗೆದವರಿದ್ರು, 2025ರಲ್ಲಿ ಪೇಪರ್ ಕಷ್ಟ ಇತ್ತು, ದೇಶಕ್ಕೇ ಮೊದಲು ಬಂದವರ ಅಂಕ 686. ಹಾಗಾಗಿ ಒಂದು ವರ್ಷ ಸಾಧಾರಣ ಅನಿಸೋ ಮಾರ್ಕು ಮತ್ತೊಂದು ವರ್ಷ ಒಳ್ಳೆ ರ‍್ಯಾಂಕ್ ತರ್ಬಹುದು. ನಿಮಗೆ ಕಷ್ಟ ಅನಿಸಿದ್ದು ಬಹಳ ಜನಕ್ಕೆ ಕಷ್ಟ ಆಗಿರ್ತದೆ.

ಸಿಇಟಿಲಿ ಇನ್ನೊಂದು ಸಮಾಧಾನ ಇದೆ, ರ‍್ಯಾಂಕಿಗೆ ಸಿಇಟಿ ಅಂಕದ ಜೊತೆ ಪಿಯುಸಿ ಅಂಕವೂ ಅರ್ಧ ಸೇರ್ತದೆ. ಮೂರು ವಿಷಯದ 180 ಅಂಕಕ್ಕೆ ಲೆಕ್ಕ ಹಿಡಿದ್ರೆ ಒಂದು ಪ್ರಶ್ನೆ ಅಂದ್ರೆ ಶೇಕಡಾ 0.56, ಅರ್ಧ ಮಾಡಿದ್ರೆ 0.28. ರ‍್ಯಾಂಕ್ ಪಟ್ಟಿಯ ನಡುವೆ ಜನ ಒತ್ತಾಗಿರೋದ್ರಿಂದ ಆ 0.28ಕ್ಕೂ ಬೆಲೆ ಇದೆ, ಆದ್ರೆ ಒಂದು ಪ್ರಶ್ನೆಯಿಂದ ಬದುಕೇ ಹೋಯ್ತು ಅನ್ನೋ ಹಾಗೆ ಇಲ್ಲ. ಅಡಿಕೆ ತೋಟದ, ಗದ್ದೆಯ ಮನೆಗಳಿಂದ ಕೃಷಿಕರ ಕೋಟಾದಲ್ಲಿ ಅಗ್ರಿ, ಫಾರೆಸ್ಟ್ರಿಗೆ ಅರ್ಜಿ ಹಾಕೋರಿಗೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರ್ತದೆ, ಅವರ ಲೆಕ್ಕದಲ್ಲಿ ಅದೂ ಸೇರ್ತದೆ.

ಸೀಟು ಹಂಚಿಕೆಗೆ ಬಂದ್ರೆ, ಸರ್ಕಾರಿ ಮೆಡಿಕಲ್ ಕಾಲೇಜಿನ 15 ಶೇಕಡಾ ಸೀಟು ಅಖಿಲ ಭಾರತ ಕೋಟಾಕ್ಕೆ, ಅದಕ್ಕೆ ಬೇರೆ ಕಡೆ ಬೇರೆ ಅರ್ಜಿ. ಉಳಿದ 85 ರಾಜ್ಯದ್ದು, ಅದನ್ನ ಕೆಇಎ ಹಂಚ್ತದೆ. ಕಾರವಾರದ ಕಾಲೇಜಿಗೂ ಇದೇ ನಿಯಮ, ಎರಡೂ ಕಡೆ ನೋಂದಣಿ ಮಾಡಿದ್ರೆ ಎರಡು ಬಾಗಿಲು. ಕೆಇಎ ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಮಾಡ್ತದೆ, ನಿಮ್ಮ ರ‍್ಯಾಂಕಿಗೆ ನೀವು ಕೊಟ್ಟ ಪಟ್ಟಿಯಲ್ಲಿ ಯಾವುದು ಸಿಗ್ಬಹುದು ಅಂತ ಅಲ್ಲಿ ತೋರಿಸ್ತದೆ, ಆಮೇಲೂ ಪಟ್ಟಿಯ ಕ್ರಮ ಬದಲಿಸೋಕೆ ಅವಕಾಶ ಇರ್ತದೆ. ಅಲ್ಲಿ ಕಾಣೋ ಕಾಲೇಜಿನ ಹೆಸರು, ಬಸ್ಸಲ್ಲಿ ಹಾಕಿದ ಯಾವ ಅಂದಾಜಿಗಿಂತಲೂ ನಂಬೋ ಹಾಗಿರ್ತದೆ.